ಮೇಗರವಳ್ಳಿಯ ಟ್ರೇಲರಿನಲ್ಲಿ ಮರೆತ ಎರಡು ತಂತಿ

ಸಾಗರದ ನನ್ನ ಅಂಗಡಿಯ ಬಾಗಿಲು ಮುಚ್ಚಿ ಎರಡು ವರ್ಷವಾಯಿತು. ಆದರೂ ಐಟಿಐ ಮುಗಿಸಿದವರು ಆಗೀಗ ಮನೆ ಹುಡುಕಿಕೊಂಡು ಬರುತ್ತಾರೆ. “ಮಂಜಣ್ಣ, ಈಗ ಹಿನ್ನೀರಿನ ಕಡೆಗೆಲ್ಲ ಟ್ರೇಲರ್ ಮನೆಗಳು ಬರ್ತಾ ಇದಾವೆ. ಅದರ ಕರೆಂಟಿನ ಕೆಲ್ಸ ನಮಗೂ ಹೇಳ್ಕೊಡಿ” ಎನ್ನುತ್ತಾರೆ. ಕಾಫಿ ಕೊಡುತ್ತೇನೆ, ನಾಲ್ಕು ಮಾತು ಆಡುತ್ತೇನೆ, ಕಳಿಸುತ್ತೇನೆ. ಹೇಳಬೇಕಾದದ್ದು ಎದುರು ಕೂತವರಿಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಟ್ರೇಲರ್ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಕಾರು ಜೀಪುಗಳ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ. ಒಳಗೆ ಮಂಚ, ಅಡುಗೆ ಕಟ್ಟೆ, ಫ್ರಿಜ್ಜು, ಪುಟ್ಟ ಬಚ್ಚಲು ಎಲ್ಲ ಇರುತ್ತದೆ. ಅದಕ್ಕೆ ಎರಡು ಬಗೆಯ ಕರೆಂಟು. ಒಂದು ಅದರ ಹೊಟ್ಟೆಯಲ್ಲೇ ಇರುವ ಬ್ಯಾಟರಿಯದು, ಸಣ್ಣ ದೀಪ, ನೀರಿನ ಪಂಪಿಗೆ. ಇನ್ನೊಂದು, ನಿಂತ ಊರಿನಲ್ಲಿ ಯಾರದ್ದೋ ಮನೆಯಿಂದಲೋ ಶಾಲೆಯಿಂದಲೋ ಉದ್ದನೆಯ ಕೇಬಲ್ ಎಳೆದು ಪಡೆಯುವ ಮನೆ ಕರೆಂಟು. ಮನೆಯ ಗೋಡೆ ಇಟ್ಟಿಗೆಯದು, ಟ್ರೇಲರಿನ ಗೋಡೆ ತಗಡಿನದು. ಇಟ್ಟಿಗೆ ಗೋಡೆಯೊಳಗೆ ತಂತಿಯ ಸಿಪ್ಪೆ ಸುಲಿದರೆ ಬಲ್ಬು ಆರುತ್ತದೆ, ಅಷ್ಟೆ. ತಗಡಿನ ಗೋಡೆಯೊಳಗೆ ಸುಲಿದರೆ ಇಡೀ ಮನೆಯೇ ತಂತಿಯಾಗಿಬಿಡುತ್ತದೆ. ಒಳಗಿನ ದೀಪ, ಫ್ಯಾನು, ಫ್ರಿಜ್ಜು ಎಲ್ಲ ಎಂದಿನಂತೆ ನಡೆಯುತ್ತಲೇ ಇರುತ್ತವೆ. ಹೊರಗೆ ಒದ್ದೆ ನೆಲದ ಮೇಲೆ ನಿಂತು ಬಾಗಿಲಿಗೆ ಕೈ ಇಟ್ಟವನಿಗೆ ಮಾತ್ರ ಗೊತ್ತಾಗುತ್ತದೆ.

ನಾನು ಕೆಲಸ ಕಲಿತದ್ದು ಲಾರೆನ್ಸ್ ಮೇಸ್ತ್ರಿಗಳ ಹತ್ತಿರ. ಸಾಗರದಲ್ಲಿ ಲಾರಿ, ಬಸ್ಸುಗಳ ವೈರಿಂಗ್ ಮಾಡುವ ಶೆಡ್ಡು ಅವರದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಬಸ್ಸಿನ ಬ್ಯಾಟರಿ ಬಿಚ್ಚುವಾಗ ನನ್ನ ಸ್ಪ್ಯಾನರ್ ಅದರ ಪ್ಲಸ್ಸು ಮೈನಸ್ಸು ಎರಡೂ ಕಂಬಗಳಿಗೆ ಒಟ್ಟಿಗೆ ತಾಗಿತು. ಫಟ್ ಎಂದು ನೀಲಿ ಬೆಂಕಿ ಎದ್ದಿತು. ಬೆರಳಿನಲ್ಲಿದ್ದ ತಾಮ್ರದ ಉಂಗುರ ಕೆಂಡವಾಯಿತು. ಮೇಸ್ತ್ರಿಗಳು ಓಡಿ ಬಂದು ಕೈಯನ್ನು ನೀರಿನ ಡ್ರಮ್ಮಿನೊಳಗೆ ಅದ್ದಿ ಹಿಡಿದರು. ಬೈಯಲಿಲ್ಲ. ಕೈ ಹಿಡಿದುಕೊಂಡೇ ಕೇಳಿದರು, “ಹೆದರಿದ್ಯಾ?” ಇಲ್ಲ ಎಂದೆ. ಹದಿನೆಂಟರ ವಯಸ್ಸು, ಹೌದು ಎನ್ನಲು ನಾಚಿಕೆ. “ಸುಳ್ಳು ಹೇಳ್ಬೇಡ. ಹೆದ್ರಿಕೆ ಇಲ್ದವ್ನ ನಾನು ಇಟ್ಕಳಲ್ಲ” ಎಂದರು. ಆಗ ನಿಜ ಹೇಳಿದೆ. ಆ ದಿನದಿಂದ ಅಂಗಡಿ ಮುಚ್ಚುವ ದಿನದವರೆಗೂ ಬೋರ್ಡಿನ ಮುಚ್ಚಳ ತೆಗೆಯುವಾಗಲೆಲ್ಲ ನನ್ನ ಬಾಯಿ ಒಣಗುತ್ತಿತ್ತು.

ಮೇಸ್ತ್ರಿಗಳು ತೀರಿಕೊಂಡ ಮೇಲೆ ನಾನೇ ಅಂಗಡಿ ಇಟ್ಟೆ. ವರ್ಷಗಳು ಕಳೆದವು. ಶರಾವತಿ ಹಿನ್ನೀರು ನೋಡಲು ಟ್ರೇಲರ್ ಎಳೆದುಕೊಂಡು ಬರುವವರು ಶುರುವಾದರು. ಒಮ್ಮೆ ಹೊನ್ನೆಮರಡಿನಿಂದ ಫೋನು ಬಂತು. ಹುಬ್ಬಳ್ಳಿಯ ಕಡೆಯ ಒಂದು ಸಂಸಾರ, ಹೊಸ ಟ್ರೇಲರ್. ಫ್ರಿಜ್ಜು ತಣ್ಣಗಾಗುತ್ತಿಲ್ಲ ಎನ್ನುವುದು ದೂರು. ಹೋದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಫ್ರಿಜ್ಜಿನ ಬೆನ್ನು ಬಿಚ್ಚಿಕೊಂಡು ಕೂತೆ. ಅಲ್ಲಿ ಏನೂ ಸಿಗಲಿಲ್ಲ. ದಣಿದು ಹೊರಗೆ ಬಂದು ನೀರು ಕುಡಿಯುತ್ತಿದ್ದಾಗ ಅವರ ನಾಯಿ ಕಣ್ಣಿಗೆ ಬಿತ್ತು. ಯಜಮಾನರು ಬಿಸ್ಕತ್ತು ತೋರಿಸಿ ಟ್ರೇಲರಿನ ಮೆಟ್ಟಿಲ ಮೇಲೆ ಕರೆಯುತ್ತಿದ್ದರು. ಅದು ಎರಡು ಮಾರು ದೂರದಲ್ಲೇ ಬಾಲ ಮುದುರಿ ಕುಂಯ್‌ಗುಡುತ್ತಿತ್ತು.

“ನಿನ್ನೆಯಿಂದ ಹಿಂಗ ಮಾಡಾಕತ್ತೈತ್ರಿ. ಕಾಡಿಗೆ ಅಂಜೈತಿ ಕಾಣ್ತದ” ಎಂದರು ಅವರು.

ನಾಯಿಗೆ ಚಪ್ಪಲಿ ಇರುವುದಿಲ್ಲ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಒದ್ದೆ ಮರಳಿಗೆ ಚುಚ್ಚಿ ಇನ್ನೊಂದನ್ನು ಮೆಟ್ಟಿಲಿಗೆ ಮುಟ್ಟಿಸಿದೆ. ಬಲ್ಬು ಹತ್ತಿತು. ಹಿಂದಿನ ದಿನದಿಂದ ಆ ಸಂಸಾರ ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಿ ಇಳಿದಿತ್ತೋ, ಪ್ರತಿ ಸಲವೂ ಅವರನ್ನು ಉಳಿಸಿದ್ದು ಕಾಲಿನ ರಬ್ಬರ್ ಚಪ್ಪಲಿ. ಮೂರು ಪಿನ್ನಿನ ಪ್ಲಗ್ಗು ಪಕ್ಕದ ಮನೆಯ ಹಳೇ ಸಾಕೆಟ್ಟಿಗೆ ಕೂರಲಿಲ್ಲವೆಂದು ಅದನ್ನು ಕಿತ್ತು ಎರಡು ಪಿನ್ನಿನದನ್ನು ಹಾಕಿದ್ದರು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಅಲ್ಲಿಗೇ ಹೋಯಿತು. ಟ್ರೇಲರ್ ಕಟ್ಟಿದ ಯಾರೋ ಸುಲಭವಾಗಲೆಂದು ಒಳಗೆ ಕರೆಂಟು ಮರಳುವ ನ್ಯೂಟ್ರಲ್ ತಂತಿಯನ್ನು ತಗಡಿಗೆ ಸೇರಿಸಿಬಿಟ್ಟಿದ್ದ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದ್ದೇ ತಡ, ಆ ತಂತಿಯ ಮೂಲಕ ತಗಡಿಗೆಲ್ಲ ಕರೆಂಟು. ಆ ದಿನ ಎಲ್ಲ ಸರಿಮಾಡಿ ಬಂದೆ. ಫ್ರಿಜ್ಜಿನ ತೊಂದರೆ ಏನೆಂದು ಮಾತ್ರ ಕೊನೆಗೂ ಗೊತ್ತಾಗಲಿಲ್ಲ.

ಆಮೇಲೆ ಟ್ರಿಪ್ಪರುಗಳು ಬಂದವು. ತಂತಿಯಿಂದ ಸ್ವಲ್ಪವೇ ಕರೆಂಟು ನೆಲಕ್ಕೆ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಎಲ್ಲವನ್ನೂ ಆರಿಸಿಬಿಡುವ ಡಬ್ಬಿ. ಜೀವ ಉಳಿಸುವ ಸಾಮಾನು, ಆದರೆ ಮಲೆನಾಡಿನ ಥಂಡಿಗೆ ಹೊತ್ತು ಗೊತ್ತಿಲ್ಲದೆ ಬೀಳುತ್ತಿತ್ತು. ಹೊಸನಗರದ ಹತ್ತಿರ ರಸ್ತೆ ಅಳೆಯುವವರ ಒಂದು ಟ್ರೇಲರಿನಲ್ಲಿ ದಿನಕ್ಕೆ ಹತ್ತು ಸಲ ಬೀಳುತ್ತಿತ್ತು. ಅವರ ದೊಡ್ಡ ಸಾಹೇಬರು ನನ್ನನ್ನು ಕರೆಸಿ, “ಅದನ್ನ ಕಿತ್ತು ಬಿಸಾಕಿ, ನೇರ ಕನೆಕ್ಷನ್ ಕೊಡಿ, ನಮಗೆ ಕೆಲಸ ಆಗಬೇಕು” ಎಂದರು. ನಾನು ಆಗುವುದಿಲ್ಲ ಎಂದೆ. ಕೂಗಾಡಿದರು. ನಾನೂ ಕೂಗಾಡಿದೆ. ಎರಡು ದಿನ ಹುಡುಕಿ ಕೊನೆಗೆ ಒಂದು ಜಂಕ್ಷನ್ ಬಾಕ್ಸಿನೊಳಗೆ ಚಗಳಿ ಇರುವೆ ಕಟ್ಟಿದ್ದ ಗೂಡು ಸಿಕ್ಕಿತು. ಒದ್ದೆಯಾದ ಗೂಡಿನ ಮೂಲಕ ಕರೆಂಟು ಸೋರುತ್ತಿತ್ತು. ಸಾಹೇಬರ ಮುಂದೆ ಆ ಗೂಡನ್ನು ಕಾಗದದ ಮೇಲೆ ಇಟ್ಟು, ಟ್ರಿಪ್ಪರ್ ತಪ್ಪಿಸುವುದು ಎಂದರೆ ಕೊಲೆಗೆ ಸಮ ಎಂದು ದೊಡ್ಡ ಭಾಷಣ ಮಾಡಿದೆ. ಆ ಭಾಷಣ ನೆನಪಾದರೆ ಈಗ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಯಾಕೆಂದರೆ ಮುಂದಿನ ವರ್ಷವೇ ನಾನು ಮಾಡಿದ್ದು ಇದು.

ಒಂದು ಸೇವಾ ಸಂಸ್ಥೆಯವರು ಪ್ರವಾಸದ ಹಳೇ ಟ್ರೇಲರೊಂದನ್ನು ತೆಗೆದುಕೊಂಡು, ಮಂಚ ಕಿತ್ತು ಹಲ್ಲಿನ ಡಾಕ್ಟರ ಕುರ್ಚಿ ಕೂರಿಸಿ, ಹಳ್ಳಿ ಶಾಲೆಗಳಿಗೆ ಕೊಂಡೊಯ್ಯುತ್ತಿದ್ದರು. ತೀರ್ಥಹಳ್ಳಿ ಕಡೆಗೆ ಬಂದಾಗೆಲ್ಲ ಅದರ ಕರೆಂಟಿನ ಉಸ್ತುವಾರಿ ನನ್ನದು. ಅದರಲ್ಲಿ ಇಬ್ಬರಿರುತ್ತಿದ್ದರು. ಡಾಕ್ಟರ್ ಸುಮಾ ಮೇಡಂ, ಇನ್ನೂ ಮೂವತ್ತು ದಾಟದವರು, ಕೆಲಸದಲ್ಲಿ ಚುರುಕು, ಮಾತಿನಲ್ಲೂ ಚುರುಕು. ಇನ್ನೊಬ್ಬರು ಲಲಿತಮ್ಮ, ಆಯಾ. ಪಾತ್ರೆ ಕುದಿಸುವುದು, ನೆಲ ಒರೆಸುವುದು, ಅಳುವ ಮಕ್ಕಳ ಕೈ ಹಿಡಿದುಕೊಳ್ಳುವುದು ಅವರ ಕೆಲಸ.

ಮಳೆ ಹಿಂದೆ ಸರಿಯುತ್ತಿದ್ದ ತಿಂಗಳು. ಮೇಗರವಳ್ಳಿಯ ಹತ್ತಿರದ ಒಂದು ಶಾಲೆಯ ಅಂಗಳದಲ್ಲಿ ಟ್ರೇಲರ್ ನಿಂತಿತ್ತು. ಹಿಂದಿನ ದಿನವೇ ಟ್ರಿಪ್ಪರ್ ಮತ್ತೆ ಮತ್ತೆ ಬೀಳುತ್ತಿದೆಯೆಂದು ಮೇಡಂ ಫೋನು ಮಾಡಿದ್ದರು. ಬೆಳಿಗ್ಗೆ ಏಳಕ್ಕೆಲ್ಲ ನಾನು ಅಲ್ಲಿದ್ದೆ. ಹತ್ತು ಗಂಟೆಗೆ ಮಕ್ಕಳನ್ನು ನೋಡಲು ಶುರುಮಾಡಬೇಕು. ಸ್ವಿಚ್ಚು ಮೇಲೆತ್ತಿದರೆ ಅರ್ಧ ನಿಮಿಷಕ್ಕೆ ಬೀಳುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಕರೆಂಟು ಇರಬೇಕು, ಕರೆಂಟು ನಿಲ್ಲುತ್ತಿಲ್ಲ. ಹಾಗಾಗಿ ನನ್ನ ಚೀಲದಿಂದ ಎರಡು ಕೆಂಪು ತುಂಡು ತಂತಿ ತೆಗೆದೆ. ಎರಡೂ ತುದಿಗೆ ಕ್ಲಿಪ್ಪು ಇರುವಂಥವು. ಟ್ರಿಪ್ಪರಿಗೆ ಬರುವ ತಂತಿಗಳನ್ನೂ ಅದರಿಂದ ಹೋಗುವ ತಂತಿಗಳನ್ನೂ ಅವುಗಳಿಂದ ನೇರ ಸೇರಿಸಿದೆ. ಹತ್ತು ನಿಮಿಷಕ್ಕೆ ಮಾತ್ರ ಎಂದುಕೊಂಡೆ.

ಹಲ್ಲಿನ ಕುರ್ಚಿಗೆ ನೀರು ಕೊಡಲು ಹಾಕಿದ್ದ, ಮನೆ ಕರೆಂಟಿನ ಪಂಪಿಗೆ ಮೀಟರು ಹಿಡಿದಾಗ ಅದು ಸೋರಿಕೆ ತೋರಿಸಿತು. ಪಂಪು ಬಿಚ್ಚಿದರೆ ತಂತಿಯ ತುದಿಯಲ್ಲಿ ನೀರು. ಒರೆಸಿ, ಹೊಸ ತುದಿ ಕಟ್ಟಿ, ಟೇಪು ಸುತ್ತಿದೆ. ಅಷ್ಟರಲ್ಲಿ ಮೇಳಿಗೆಯಿಂದ ಫೋನು, ಅಲ್ಲಿಯ ಗಿರಣಿಯವರದ್ದು, ಮೋಟಾರು ನಿಂತಿದೆ, ಬೇಗ ಬನ್ನಿ ಎಂದು. ಮೇಡಂ ಬಾಗಿಲಲ್ಲಿ ನಿಂತು, “ಆಯ್ತಾ ಮಂಜಣ್ಣ? ನಾನು ಪಾತ್ರೆ ಕುದಿಸಕ್ಕೆ ಇಡಬೇಕು” ಎಂದರು. ಟ್ರಿಪ್ಪರಿನ ಸ್ವಿಚ್ಚು ಮೇಲೆತ್ತಿದೆ. ನಿಂತಿತು. ಐದು ನಿಮಿಷ ಕಾದೆ. ನಿಂತೇ ಇತ್ತು. “ಸರಿಯಾಯ್ತು ಮೇಡಂ, ಪಂಪಿನಲ್ಲಿತ್ತು” ಎಂದು, ಗಡಿಬಿಡಿಯಲ್ಲಿ ಒಳಗೆ ನೋಡದೆ ಬೋರ್ಡಿನ ಮುಚ್ಚಳ ಹಾಕಿ ಹೊರಟೆ. ಸ್ವಿಚ್ಚಿನ ಪಕ್ಕದಲ್ಲೇ ಪರೀಕ್ಷೆಯ ಗುಂಡಿ ಇರುತ್ತದೆ. ಅದನ್ನು ಒಮ್ಮೆ ಒತ್ತಿದ್ದರೆ ದೀಪ ಆರದೆ ಇದ್ದದ್ದು ಕಂಡುಬಿಡುತ್ತಿತ್ತು. ಒತ್ತಲಿಲ್ಲ.

ಮೇಳಿಗೆ ಮುಟ್ಟಿದಾಗ ಒಂಬತ್ತು ದಾಟಿತ್ತು. ಗಿರಣಿಯ ಮೋಟಾರಿನ ಸ್ಟಾರ್ಟರ್ ಬಿಚ್ಚಿ, ತುಂಡು ತಂತಿಗೆಂದು ಚೀಲಕ್ಕೆ ಕೈ ಹಾಕಿದೆ. ಅವನ್ನು ಇಡುವ ತಗಡಿನ ಡಬ್ಬಿ ಸಿಕ್ಕಿತು. ತೆಗೆದರೆ ಖಾಲಿ. ಚೀಲವನ್ನು ಇಡೀ ನೆಲಕ್ಕೆ ಸುರುವಿದೆ. ಕಿಸೆ ತಡಕಿದೆ. ಸ್ಕೂಟರಿನ ಸೀಟು ಎತ್ತಿ ನೋಡಿದೆ. ಆಮೇಲೆ ಎಲ್ಲ ಒಟ್ಟಿಗೆ ತಲೆಗೆ ಬಂತು. ತಂತಿಗಳು ಅಲ್ಲೇ ಇವೆ. ಟ್ರಿಪ್ಪರ್ ಬೀಳದೆ ನಿಂತದ್ದು ಸೋರಿಕೆ ನಿಂತಿದ್ದಕ್ಕಲ್ಲ, ನಾನು ಅದರ ಕಣ್ಣು ಕಟ್ಟಿದ್ದಕ್ಕೆ. ಸೋರಿಕೆ ಪಂಪಿನಲ್ಲೊಂದೇ ಇತ್ತು ಎನ್ನುವುದಕ್ಕೆ ನನ್ನ ಹತ್ತಿರ ಯಾವ ಸಾಕ್ಷಿಯೂ ಇಲ್ಲ. ಆ ಟ್ರೇಲರಿನ ಮೆಟ್ಟಿಲಿಗೆ ಕಬ್ಬಿಣದ ಕೈಕಂಬಿ ಇದೆ. ಹತ್ತು ಗಂಟೆಗೆ ಮಕ್ಕಳು ಅದನ್ನು ಹಿಡಿದು ಒಬ್ಬರ ಹಿಂದೆ ಒಬ್ಬರು ಹತ್ತುತ್ತಾರೆ. ಅಂಗಳ ಒದ್ದೆ. ಆ ಮಕ್ಕಳ ಚಪ್ಪಲಿಗಳು ಶಾಲೆಯ ಜಗಲಿಯಲ್ಲಿ ಸಾಲಾಗಿ ಇರುತ್ತವೆ, ಕಾಲಿನಲ್ಲಲ್ಲ.

ಮೇಡಂಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮತ್ತೆ ಮಾಡಿದೆ. ಅದೇ ಹೆಣ್ಣು ದನಿ, ಅದೇ ಮಾತು. ಶಾಲೆಯವರ ನಂಬರು ನನ್ನ ಹತ್ತಿರ ಇರಲಿಲ್ಲ. ಆ ಭಾಗದ ಲೈನ್‌ಮನ್ನಿಗೆ ಮಾಡಿದೆ, ಲೈನೇ ತೆಗೆಸಿಬಿಡೋಣ ಎಂದು. ರಿಂಗಾಯಿತು, ಎತ್ತಲಿಲ್ಲ. ಕಂಬ ಹತ್ತಿದ್ದರೋ ಏನೋ. ಗಿರಣಿಯವರ ಕೈಗೆ ಎರಡೂ ನಂಬರು ಬರೆದು ಕೊಟ್ಟು, “ಬಿಡದೆ ಮಾಡ್ತಾ ಇರಿ. ಸಿಕ್ಕಿದ್ರೆ ಟ್ರೇಲರಿನ ಪ್ಲಗ್ ಕೀಳಿ ಅಂತ ಹೇಳಿ. ಅಷ್ಟೇ ಹೇಳಿ” ಎಂದೆ. ಅವರು ಆಗಲೇ ಮೊದಲನೇ ನಂಬರು ಒತ್ತತೊಡಗಿದ್ದರು.

ಮೇಗರವಳ್ಳಿಗೆ ಆ ದಾರಿಯಲ್ಲಿ ನಾನು ನೂರು ಸಲ ಹೋಗಿದ್ದೇನೆ. ಆ ದಿನ ಅದು ಮುಗಿಯಲೇ ಇಲ್ಲ. ಪಾಚಿ ಕಟ್ಟಿದ ತಿರುವುಗಳಲ್ಲಿ ಸ್ಕೂಟರಿನ ಹಿಂಚಕ್ರ ಜಾರುತ್ತಿತ್ತು. ಒಂದು ತಿರುವಿನಲ್ಲಿ ಮರದ ನಾಟಾ ತುಂಬಿದ ಲಾರಿ ಅಡ್ಡವಾಗಿ ನಿಂತು ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಅದು ದಾರಿ ಬಿಡುವವರೆಗೆ ನಿಂತಿದ್ದ ಆ ಎರಡು ಮೂರು ನಿಮಿಷಗಳಲ್ಲಿ ನನ್ನ ಕಣ್ಣ ಮುಂದೆ ಆ ಕಂಬಿ, ಅದರ ಮೇಲೆ ಒಂದು ಸಣ್ಣ ಕೈ. ಕರೆಂಟು ಹಿಡಿದರೆ ಕೈ ಬಿಡಲು ಬರುವುದಿಲ್ಲ. ಹಿಂದಿನ ಮಗು ಎಳೆಯಲು ಹೋದರೆ ಅದಕ್ಕೂ ಹಿಡಿಯುತ್ತದೆ. ಸಾಲಾಗಿ ನಿಂತಿರುತ್ತಾರೆ.

ಲಾರಿ ದಾಟಿ ಒಂದಷ್ಟು ದೂರ ಹೋಗಿದ್ದೆ. ಎದುರಿನಿಂದ ಸೈರನ್ ಕೇಳಿಸಿತು. ಆಂಬುಲೆನ್ಸು. ದೀಪ ತಿರುಗಿಸಿಕೊಂಡು ತೀರ್ಥಹಳ್ಳಿ ಕಡೆಗೆ ಹೋಯಿತು. ಅದಕ್ಕೆ ದಾರಿ ಬಿಡಲು ಪಕ್ಕಕ್ಕೆ ನಿಲ್ಲಿಸಿದ ಸ್ಕೂಟರನ್ನು ಮತ್ತೆ ಶುರುಮಾಡಲು ಕೈಲಾಗಲಿಲ್ಲ. ಆಗ ಮನಸ್ಸಿಗೆ ಬಂದದ್ದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಸ್ಕೂಟರ್ ತಿರುಗಿಸಿ ಎಲ್ಲಾದರೂ ಹೋಗಿಬಿಡೋಣ ಎನ್ನಿಸಿತು. ಯಾವುದಾದರೂ ಬಸ್ಸು ಹತ್ತಿ, ನನ್ನ ಹೆಸರು ಯಾರಿಗೂ ಗೊತ್ತಿಲ್ಲದ ಊರಿಗೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕೊನೆಗೆ ಕಿಕ್ ಹೊಡೆದೆ.

ಶಾಲೆಯ ಅಂಗಳಕ್ಕೆ ನುಗ್ಗಿದಾಗ ಮೊದಲು ಕಂಡದ್ದು ಮಕ್ಕಳು. ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಅಳುತ್ತಿರಲಿಲ್ಲ. ಟ್ರೇಲರಿನ ಮೆಟ್ಟಿಲಿಗೆ ಅಡ್ಡವಾಗಿ ಶಾಲೆಯ ಬೆಂಚು ಇಟ್ಟಿತ್ತು. ಬೆಂಚಿನ ಮುಂದೆ ಲಲಿತಮ್ಮ ಎರಡೂ ಕೈ ಚಾಚಿ ನಿಂತಿದ್ದರು. ಮೇಲೆ, ಬಾಗಿಲಲ್ಲಿ, ಸುಮಾ ಮೇಡಂ ಸಿಟ್ಟಿನಿಂದ ಮಾತಾಡುತ್ತಿದ್ದರು.

“ಲಲಿತಮ್ಮ, ಈಗಷ್ಟೇ ಎಲೆಕ್ಟ್ರಿಷಿಯನ್ ನೋಡಿ ಸರಿಯಾಯ್ತು ಅಂತ ಹೇಳಿ ಹೋಗಿದಾರೆ. ನೀವು ಅವರಿಗಿಂತ ಜಾಸ್ತಿ ತಿಳ್ಕೊಂಡಿದೀರಾ? ಬೆಂಚು ತೆಗೀರಿ.”

“ಅವ್ರು ಹೇಳ್ಲಿ ಬಿಡ್ಲಿ ಮೇಡಂ, ನನ್ ಕೈ ನಂಗೆ ಸುಳ್ಳು ಹೇಳುತ್ತಾ? ಒಂದ್ಸಲ ಜುಂ ಅಂದು ಮೊಣಕೈವರ್ಗೂ ಹೋಯ್ತು. ಮಕ್ಳನ್ನ ನಾನು ಬಿಡಲ್ಲ ಮಾರಾಯ್ರೆ. ಬೇಕಾರೆ ನನ್ನ ಕೆಲ್ಸದಿಂದ ತೆಗೀರಿ.”

“ಸರಿ, ನಾನೇ ಬಂದು ತೆಗೀತೀನಿ” ಎಂದು ಮೇಡಂ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟರು.

ನನ್ನ ಗಂಟಲಿನಿಂದ ಬಂದ ಕೂಗು ನನ್ನದೇ ಎಂದು ನನಗೇ ಅನ್ನಿಸಲಿಲ್ಲ. “ಇಳೀಬೇಡಿ! ಮೇಡಂ, ಒಳಗೇ ಇರಿ! ಕೆಳಗೆ ಕಾಲಿಡಬೇಡಿ!”

ಅವರು ಬೆಚ್ಚಿ ಹಿಂದೆ ಸರಿದರು. ಟ್ರೇಲರಿನ ಒಳಗೇ ನಿಂತವರಿಗೆ ಏನೂ ಆಗುವುದಿಲ್ಲ. ಒಂದು ಕಾಲು ಒದ್ದೆ ನೆಲದ ಮೇಲೆ, ಒಂದು ಕೈ ಕಂಬಿಯ ಮೇಲೆ ಇದ್ದರೆ ಮುಗಿಯಿತು. ನಾನು ಸ್ಕೂಟರನ್ನು ನಿಲ್ಲಿಸಲೂ ಇಲ್ಲ, ಅದು ಹಿಂದೆ ಬಿದ್ದ ಸದ್ದು ಕೇಳಿಸಿತು. ಶಾಲೆಯ ಕೋಣೆಗೆ ಓಡಿ ಗೋಡೆಯ ಪ್ಲಗ್ಗು ಕಿತ್ತೆ. ಟ್ರೇಲರಿನ ದೀಪ ಆರಿತು. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ.

ಎಲ್ಲವನ್ನೂ ಹೇಳಿದೆ. ಬೋರ್ಡಿನ ಮುಚ್ಚಳ ತೆಗೆದು, ಜೋತುಬಿದ್ದಿದ್ದ ಎರಡು ಕೆಂಪು ತಂತಿಗಳನ್ನು ಮೇಡಂ ಮುಂದೆಯೇ ಬಿಚ್ಚಿದೆ. ತಪ್ಪು ನನ್ನದು, ನಿಮ್ಮ ಸಂಸ್ಥೆಯವರಿಗೂ ಹೇಳಿ ಎಂದೆ. ಮೇಡಂ ಕಂಬಿಗೆ ಚಾಚಲಿದ್ದ ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟು ನೋಡುತ್ತಾ ಕೂತರು. ಆಮೇಲೆ ಲಲಿತಮ್ಮನ ಕಡೆ ತಿರುಗಿ, “ನೀವು ಮೊದಲನೇ ಸಲ ಹೇಳಿದಾಗಲೇ ನಾನು ಕೇಳಬೇಕಿತ್ತು” ಎಂದರು. ನಾನು ಹೊರಟ ಮೇಲೆ ನೆಲ ಒರೆಸಿದ ಬಟ್ಟೆ ಹಿಂಡುತ್ತಾ ಲಲಿತಮ್ಮ ಒದ್ದೆ ಕೈಯಲ್ಲಿ ಕಂಬಿ ಮುಟ್ಟಿದ್ದರಂತೆ. ಹೇಳಿದಾಗ, ಚಳಿಗೆ ಕೈ ಜೋಮು ಹಿಡಿದಿರಬೇಕು ಎಂದು ಮೇಡಂ ತಳ್ಳಿಹಾಕಿದ್ದರು. ನಾನು ನೋಡಿ ಹೋಗಿದ್ದೆನಲ್ಲ, ಅದೇ ಧೈರ್ಯ ಅವರಿಗೆ. ಆಂಬುಲೆನ್ಸಿನ ವಿಷಯ ಕೇಳಿದೆ. ಯಾರದ್ದೋ ಹೆರಿಗೆಗಂತೆ, ಬೇರೆ ಊರಿನಿಂದ ಬಂದದ್ದು.

ಮತ್ತೆ ಕರೆಂಟು ಕೊಟ್ಟಾಗ ಟ್ರಿಪ್ಪರ್ ಕೂಡಲೇ ಬಿತ್ತು. ಈ ಸಲ ಪುಣ್ಯವೆನ್ನಿಸಿತು. ಒಂದೊಂದೇ ತಂತಿ ಬಿಚ್ಚುತ್ತಾ ಹೋದೆ. ಬಾಗಿಲ ಚೌಕಟ್ಟಿನ ಒಳಗೆ, ತಗಡಿನ ಅಂಚಿಗೆ ತಂತಿ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿತ್ತು. ಘಟ್ಟದ ಹೊಂಡ ಗುಂಡಿಗಳ ಕುಲುಕಾಟ. ಬಾಗಿಲು ಅರೆ ಮುಚ್ಚಿದ್ದಾಗ ತಂತಿ ತಗಡಿಗೆ ಹೌದೋ ಅಲ್ಲವೋ ಎಂಬಂತೆ ತಾಗುತ್ತಿತ್ತು. ಲಲಿತಮ್ಮ ಬದುಕಿದ್ದು ಅದಕ್ಕೆ. ಮಕ್ಕಳಿಗಾಗಿ ಬಾಗಿಲನ್ನು ಪೂರ್ತಿ ತೆರೆದು ಕೊಂಡಿ ಹಾಕಿದಾಗ ತಂತಿ ತಗಡಿಗೆ ಒತ್ತಿ ಕೂರುತ್ತಿತ್ತು. ಶಾಲೆಯ ಹಿಂದೆ ಹೋಗಿ ನೋಡಿದರೆ ಅಲ್ಲಿನ ಅರ್ಥಿಂಗ್ ತಂತಿ ಮಣ್ಣಿನ ಮಟ್ಟದಲ್ಲೇ ತುಕ್ಕು ತಿಂದು ತುಂಡಾಗಿತ್ತು. ಬಾಗಿಲಿಗೂ ಅರ್ಥಿಂಗಿಗೂ ಹೊಸ ತಂತಿ ಎಳೆದೆ. ಟ್ರೇಲರಿನ ಪಕ್ಕದಲ್ಲೂ ನೆಲಕ್ಕೆ ಒಂದು ಕಬ್ಬಿಣದ ಸಲಾಕೆ ಹೊಡೆದು ಅದರ ತಗಡಿನ ಮೈಗೆ ಬೇರೆ ಅರ್ಥಿಂಗ್ ಕೊಟ್ಟೆ. ಅಷ್ಟರಲ್ಲಿ ಮಕ್ಕಳ ಬಿಸಿಯೂಟ ಮುಗಿದಿತ್ತು.

ಪರೀಕ್ಷೆಯ ಗುಂಡಿ ಒತ್ತಿದೆ. ಎಲ್ಲ ಆರಿತು. ಮತ್ತೆ ಹತ್ತಿಸಿ, ಮತ್ತೆ ಒತ್ತಿದೆ. ಕಂಬಿಗೂ ನೆಲಕ್ಕೂ ನಡುವೆ ಮೀಟರು ಸೊನ್ನೆ ತೋರಿಸಿತು. ಬಾಗಿಲು ಪೂರ್ತಿ ತೆರೆದು ನೋಡಿದೆ, ಮುಚ್ಚಿ ನೋಡಿದೆ. ಸೊನ್ನೆ.

“ಆಯ್ತಾ?” ಎಂದು ಲಲಿತಮ್ಮ ಕೇಳಿದರು.

ಆಯ್ತು ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ. ತಲೆ ಆಡಿಸಿದೆ.

“ಹಂಗಾರೆ ನೀವು ಮೊದ್ಲು ಹಿಡೀರಿ.”

ಮೇಡಂ ಏನೋ ಹೇಳಲು ಹೋದರು. ನಾನು ಕೈಸನ್ನೆ ಮಾಡಿ ತಡೆದೆ. ಚಪ್ಪಲಿ ಬಿಟ್ಟೆ. ಮೆಟ್ಟಿಲ ಬುಡದ ರಾಡಿಯಲ್ಲಿ ಬರಿಗಾಲಿನಲ್ಲಿ ನಿಂತೆ. ಮೀಟರಿನ ಸೊನ್ನೆಯನ್ನು ನನ್ನ ಕಣ್ಣಾರೆ ಕಂಡಿದ್ದರೂ ಕೈ ಮುಂದೆ ಹೋಗಲು ಒಪ್ಪಲಿಲ್ಲ. ಲಲಿತಮ್ಮ ನನ್ನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಇಡೀ ಅಂಗೈಯಿಂದ ಕಂಬಿ ಹಿಡಿದೆ. ತಣ್ಣಗಿತ್ತು. ಕಬ್ಬಿಣ, ಅಷ್ಟೆ.

“ಬಿಡ್ಬೇಡಿ. ಹಂಗೇ ಹಿಡ್ಕಂಡಿರಿ” ಎಂದು ಬೆಂಚು ಎಳೆದು ಪಕ್ಕಕ್ಕಿಟ್ಟು, ಲಲಿತಮ್ಮ ಜಗಲಿಯ ಕಡೆ ಕೈ ಮಾಡಿ ಮೊದಲನೇ ಮಗುವನ್ನು ಕರೆದರು. ಎರಡು ಜಡೆಯ ಹುಡುಗಿ. ಕಂಬಿಯ ಮೇಲೆ ನನ್ನ ಕೈಯ ಪಕ್ಕದಲ್ಲೇ ಅವಳ ಪುಟ್ಟ ಕೈ ಬಂದು ಕೂತಿತು. ಮೆಟ್ಟಿಲು ಹತ್ತುತ್ತಾ ನನ್ನ ಬಿಗಿದ ದವಡೆ ನೋಡಿ, “ಅಜ್ಜ, ನಿಮಗೂ ಹಲ್ ನೋವಾ?” ಎಂದಳು. ಹ್ಞೂಂ ಎಂದೆ.

ಅವಳು ಹೋದಳು, ಇನ್ನೊಬ್ಬ ಬಂದ. ಕೊನೆಯ ಮಗು ಬಾಯಿಗೆ ಹತ್ತಿ ಒತ್ತಿಕೊಂಡು ಇಳಿದು ಜಗಲಿ ಸೇರುವವರೆಗೂ ನಾನು ಆ ರಾಡಿಯಲ್ಲೇ ನಿಂತಿದ್ದೆ. ಆಮೇಲೆ ಲಲಿತಮ್ಮ ಬಂದು, “ಸಾಕು ಮಂಜಣ್ಣ, ಇನ್ನು ಬಿಡಿ” ಎಂದರು. ಬೆರಳುಗಳು ಮರಗಟ್ಟಿ ಬಿಡಲು ಬರಲಿಲ್ಲ. ಅವರೇ ಒಂದೊಂದಾಗಿ ಬಿಡಿಸಿದರು.